ಐದನೆಯ ಕಾಜ

ಮೊದಲು ಮೂಗಿಗೆ, ಯಾವಾಗಲೂ ಮೊದಲು ಮೂಗಿಗೆ, ರಬ್ಬರು, ಎಣ್ಣೆ ಸವರಿದ ಕಬ್ಬಿಣ, ಹಳೇ ರಟ್ಟಿನ ವಾಸನೆ, ಆಮೇಲೆ ಒಂದು ಗಳಿಗೆ ಏನೂ ಕಾಣುವುದಿಲ್ಲ, ಬಿಸಿಲಿನಿಂದ ಒಳಗೆ ಬಂದ ಕಣ್ಣಲ್ಲವೆ, ಆಮೇಲೆ ಇಲಿಬೋನು, ಲಾಳಿಕೆ, ಛತ್ರಿ ಕಡ್ಡಿಗಳ ಕಟ್ಟು, ಒಂದೊಂದಾಗಿ ಮುಂದೆ ಬಂದು ನಿಲ್ಲುತ್ತವೆ— ಶನಿವಾರ ಮಧ್ಯಾಹ್ನ ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ನೇರ ಈ ಅಂಗಡಿಗೆ, ಎರಡು ವರ್ಷದಿಂದ ಒಂದು ವಾರವೂ ತಪ್ಪಿಸಿಲ್ಲ, ಕೊಳ್ಳುವುದು ಒಂದು ಉಂಡೆ ದಾರ, ಅದೂ ಬೇಕಾಗಿರುವುದಿಲ್ಲ. ಡಬ್ಬಿ ಮಾಮ ತಲೆ ಎತ್ತಿ ಹೂಂ ಅನ್ನುತ್ತಾರೆ, ಸ್ವಾಗತವೆಲ್ಲ ಅಷ್ಟರಲ್ಲೇ ಮುಗಿಯಿತು, ಓಣಿಯವರೆಲ್ಲ ಅವರನ್ನು ಕರೆಯುವುದು ಹಾಗೇ, ಅಮ್ಮನೂ ಹಾಗೇ ಕರೆಯುತ್ತಿದ್ದಳು. ಅವರ ತಾಯಿಯ ಕಾಲ ಮೇಲೆ ಒಮ್ಮೆ ಐದು ಕಿಲೋ ತೂಕದ ಬಟ್ಟು ಬಿತ್ತಂತೆ, ಅವತ್ತೇ ಆಕೆ ಇಡೀ ಅಂಗಡಿಯನ್ನು ತೂಕದ ಮೇಲೆ ಜೋಡಿಸಿಬಿಟ್ಟರಂತೆ, ಹಗುರದ್ದು ಮೇಲೆ, ಭಾರದ್ದು ಕೆಳಗೆ, ಜಾತಿಗೀತಿ ಕೇಳುವ ಹಾಗಿಲ್ಲ, ಹಾಗಾಗಿ ಮೇಲಿನ ಸಾಲಿನಲ್ಲಿ ಪೆನ್ನಿನ ನಿಬ್ಬಿನ ಪಕ್ಕ ಬಾಟಲಿ ಬಿರಡೆ, ಬಿರಡೆಯ ಪಕ್ಕ ಶಟಲ್ ಕಾಕು, ಹೊಸಬರು ಬಂದು ಬೀಗ ಎಲ್ಲಿ ಅಂದರೆ ಮಾಮ ಎಷ್ಟು ತೂಕದ್ದು ಅನ್ನುತ್ತಾರೆ, ಅವರು ಮಿಕಮಿಕ ನೋಡುತ್ತಾರೆ, ನನಗೆ ಒಳಗೊಳಗೇ ನಗು. ಕೈಗೆ ತೆಗೆದುಕೊಂಡು ತೂಗಿ ನೋಡಬೇಕು ಇಲ್ಲಿ, ಅದೇ ಸುಖ, ಬಾಗಿಲ ಚಿಲಕ ತಣ್ಣಗೆ, ಸ್ಪಂಜು ಏನೂ ಇಲ್ಲದ ಹಾಗೆ, ಇದು ಯಾವುದಕ್ಕೆ ಎಂದು ಮಾಮನಿಗೂ ಗೊತ್ತಿಲ್ಲದ ಹಿತ್ತಾಳೆಯ ಕೊಕ್ಕೆ, ಹದಿನೈದು ವರ್ಷದಿಂದ ಅಲ್ಲೇ ಇದೆ, ನಾನು ಪ್ರತಿ ವಾರ ಎತ್ತಿ ನೋಡಿ ಇಡುತ್ತೇನೆ. ಅವಸರ ಬೇಡ, ನಿಬ್ಬು ಆಗಲಿ, ಬಿರಡೆ ಆಗಲಿ, ಗುಂಡಿಗಳ ಹತ್ತಿರ ಕೊನೆಗೆ ಹೋದರಾಯಿತು.

ಗುಂಡಿಗಳಿಗೆ ಒಂದು ಗೋಡೆಯೇ ಇದೆ, ನೂರಾರು ರಟ್ಟಿನ ಡಬ್ಬಿ, ಒಂದೊಂದರ ಎದುರಿಗೂ ಒಳಗಿರುವ ಗುಂಡಿಯದೇ ಒಂದು ಮಾದರಿಯನ್ನು ದಾರದಲ್ಲಿ ಹೊಲಿದಿಟ್ಟಿದೆ, ಡಬ್ಬಿ ಖಾಲಿಯಾದರೂ ಮಾದರಿಯನ್ನು ಮಾರುವುದಿಲ್ಲ, ತಲೆಕೆಳಗಾದರೂ ಇಲ್ಲ, ಅದು ಹೋದರೆ ಡಬ್ಬಿ ಕುರುಡಾಗುತ್ತೆ ಅನ್ನುತ್ತಾರೆ ಮಾಮ. ಐದನೇ ಸಾಲು, ಕಿಟಕಿ ಕಡೆಯಿಂದ ಮೂರನೆಯದು, ಕಂದು ಕೊಂಬಿನ ಗುಂಡಿ, ಅಂಚಿಗೆ ಕಪ್ಪು ಗೆರೆ, ಒಳಗೆ ಖಾಲಿ, ಎದುರಿಗೆ ಒಂದೇ ಒಂದು. ಅಮ್ಮನ ಕೋಟಿಗೆ ಅಮ್ಮ ಇಲ್ಲಿಂದಲೇ ಒಯ್ದದ್ದು ಅಂಥವು ಎಂಟು. ಅಮ್ಮ ಹೋಗಿ ಮೂರು ತಿಂಗಳಿಗೆ ಆ ಕೋಟನ್ನು ಮೇಜಿನ ಮೇಲೆ ಹಾಸಿದೆ, ಒಂದೇ ಕೋಟು, ಇಬ್ಬರು ಹೆಣ್ಣುಮಕ್ಕಳು, ದರ್ಜಿಯ ತಲೆಗೆ ಇನ್ನೇನು ಹೊಳೆಯುತ್ತೆ, ಬಟ್ಟೆ ಸಾಕಷ್ಟಿದೆ, ತೋಳು ಬಿಚ್ಚಿದರೆ ಇಬ್ಬರಿಗೂ ಒಂದೊಂದು ತೋಳಿಲ್ಲದ ಕೋಟು, ಹೊಲಿದು ಕೊಟ್ಟು ಅಕ್ಕನಿಗೆ ಅಚ್ಚರಿ ಮಾಡೋಣ ಅಂದುಕೊಂಡೆ, ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಕತ್ತರಿ ಆಡಿಸಿದೆ, ಕೈ ಒಂದು ಚೂರೂ ನಡುಗಲಿಲ್ಲ, ಅದೇ ಈಗ ನಾಚಿಕೆ. ಅಕ್ಕ ಅದೇ ಹೊತ್ತಿಗೆ ಬರಬೇಕೆ. ತುಂಡುಗಳನ್ನು ನೋಡಿದಳು, ಒಂದನ್ನು ಎತ್ತಿ ಮೂಗಿಗೆ ಹಿಡಿದಳು, ಇದರಲ್ಲಿನ್ನೂ ಅಮ್ಮ ಇದ್ಲು ಕಣೇ, ನನ್ನ ಒಂದ್ ಮಾತು ಕೇಳ್ಬಹುದಿತ್ತಲ್ಲ, ಅಷ್ಟೇ ಅಂದದ್ದು, ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ, ಅವಳು ಆಡಲಿಲ್ಲ, ಮಾತು ಬಿಟ್ಟಳು. ಎರಡು ಬೀದಿ ಆಚೆ ಮನೆ, ಎರಡು ವರ್ಷ. ಹೊಲಿದು ಮುಗಿಸಿದೆ, ಇಬ್ಬರಿಗೂ ನಾಲ್ಕು ನಾಲ್ಕು ಗುಂಡಿ, ಗುಂಡಿ ತೂರಿಸುವ ಕಾಜ ಮಾತ್ರ ಐದೈದು, ಐದು ಇಲ್ಲದಿದ್ದರೆ ಕೆಳಗೆ ಬಾಯಿ ಬಿಡುತ್ತೆ, ಗುಂಡಿ ಹೇಗೂ ಸಿಕ್ಕೀತು ಎಂಬ ಧೈರ್ಯದಲ್ಲಿ ಕಾಜ ಹೊಲಿದುಬಿಟ್ಟಿದ್ದೆ. ಅವಳದನ್ನು ಭಾವನ ಕೈಲಿ ಕಳಿಸಿದೆ. ಪ್ಯಾಂಟು ಮೊಟಕು ಮಾಡಿಸಲು ಬಂದಾಗಲೆಲ್ಲ ಭಾವನನ್ನು ಕಣ್ಣಲ್ಲೇ ಕೇಳುತ್ತೇನೆ, ಕಪಾಟಲ್ಲಿ ಇಟ್ಟಿದ್ದಾಳೆ, ಮೈಗೆ ಹಾಕ್ಕೊಂಡಿಲ್ಲ, ಅನ್ನುತ್ತಾರೆ, ಪಾಪ, ಸುಳ್ಳು ಹೇಳಲೂ ಬರುವುದಿಲ್ಲ. ಅವಳು ಹಾಕಿಕೊಂಡರೆ ಸಾಕು, ನನಗಿನ್ನೇನೂ ಬೇಡ, ಬೈದರೂ ಬೈಯಲಿ. ನನ್ನದನ್ನು ನಾನು ಹಾಕಿಕೊಂಡೇ ಓಡಾಡುತ್ತೇನೆ, ಈಗಲೂ ಮೈಮೇಲಿದೆ, ಕೆಳಗಿನ ಕಾಜಕ್ಕೆ ಬೆರಳು ತೂರಿಸಿಕೊಂಡು ಆ ಒಂದು ಗುಂಡಿಯನ್ನು ನೋಡುತ್ತ ನಿಲ್ಲುತ್ತೇನೆ, ಕೊಡಿ ಎಂದು ಕೇಳಿದವಳಲ್ಲ, ಕೊಡುವುದಿಲ್ಲ ಎಂದು ಗೊತ್ತು, ಕೊಟ್ಟರೂ ಇಬ್ಬರಿಗೆ ಒಂದೇ.

ಬಿರಡೆ ಆಯಿತು, ಒಂದು ದೊಡ್ಡದು, ಔಷಧಿ ವಾಸನೆ ಇನ್ನೂ ಇದೆ, ಶಟಲ್ ಕಾಕಿನ ಗರಿ ಮುರಿದಿದೆ, ಈಗ ಗೋಡೆ, ಒಂದನೇ ಸಾಲು ಮುತ್ತಿನವು, ಎರಡು, ಮೂರು, ಹವಳದ ಬಣ್ಣದ್ದು ಯಾರೋ ಎರಡು ಒಯ್ದಿದ್ದಾರೆ, ಐದು, ಕಿಟಕಿಯಿಂದ ಒಂದು, ಎರಡು— ಇಲ್ಲ. ಸಾಲು ತಪ್ಪಿರಬೇಕು. ಇದೇ ಸಾಲು. ಡಬ್ಬಿ ಇದೆ, ಎದುರಿಗೆ ಗುಂಡಿಯಿಲ್ಲ, ಗುಂಡಿ ಇದ್ದಷ್ಟು ಜಾಗದಲ್ಲಿ ರಟ್ಟು ಬಿಸಿಲು ತಾಗದೆ ಹೊಸದಾಗೇ ಉಳಿದಿದೆ, ನಡುವೆ ಸೂಜಿಯ ತೂತು ನಾಲ್ಕು. ಮತ್ತೆ ಕಿಟಕಿಯಿಂದ ಎಣಿಸಿದೆ, ನನಗೇ ನಗು, ಒಂದು ಗುಂಡಿಗೆ ಇಷ್ಟೊಂದೆ, ಆದರೂ ಆ ತೂತುಗಳ ಮೇಲೆ ಬೆರಳಿಟ್ಟೆ, ಮಾಮಾ ಇದು ಯಾರಿಗೆ ಹೋಯ್ತು ಅಂತ ಕೇಳಿದ್ದು ನನ್ನ ದನಿಯೇ ಹೌದೋ ಅಲ್ಲವೋ. ಮಾಮ ಕನ್ನಡಕವನ್ನು ಹಣೆಗೇರಿಸಿ, ಆ ಡಬ್ಬಿ ಕುರುಡಾಯ್ತು ಬಿಡು ಅಂದರು. ಆಮೇಲೆ ಸುತ್ತುತ್ತಿದ್ದ ಹುರಿಯನ್ನು ಪಕ್ಕಕ್ಕಿಟ್ಟರು. ನಿಮ್ಮಕ್ಕ ಬಂದಿದ್ಲಮ್ಮ, ಬುಧವಾರ, ನೀನು ಹಾಕ್ಕೊಂಡಿದೀಯಲ್ಲ ಇಂಥದ್ದೇ ಹಾಕ್ಕೊಂಡು ಬಂದಿದ್ಲು, ಕೆಳಗೆ ಗಾಳಿ ಹೋಗುತ್ತೆ ಮಾಮಾ ಅಂದ್ಲು, ಕೇಳಿದ್ಲು, ಕೊಟ್ಟೆ.

ಕೇಳಿದಳು, ಕೊಟ್ಟರು. ಎರಡು ವರ್ಷ ಎದುರಿಗೆ ನಿಂತೆ ನಾನು, ಬಾಯಿ ಬಿಟ್ಟು ಒಂದು ಮಾತು ಕೇಳಲಿಲ್ಲ, ಕತ್ತರಿ ಹಿಡಿದ ಅವತ್ತೂ ಕೇಳಲಿಲ್ಲ— ಆದರೆ ಹಾಕಿಕೊಂಡು ಬಂದಿದ್ದಳಂತೆ, ಬುಧವಾರ, ಬೀದಿಯಲ್ಲಿ ಎಲ್ಲರೂ ನೋಡುವ ಹಾಗೆ, ಭುಜ ಸರಿಯಾಗಿ ಕೂತಿತ್ತೆ, ಅವಳ ಬಲಭುಜ ಸ್ವಲ್ಪ ಇಳಿಜಾರು, ಅಳತೆಯಿಲ್ಲದೆ ಹೊಲಿದದ್ದು, ನೆನಪಿನ ಮೇಲೆಯೇ— ಹೊಲಿದು ಕೊಡ್ಲಾ ಅಂತ ಕೇಳ್ದೆ, ಮಾಮ ಇನ್ನೂ ಹೇಳುತ್ತಿದ್ದಾರೆ, ಸೂಜಿಗೆ ದಾರನೂ ಪೋಣಿಸಿದ್ದೆ, ಬೇಡ ಮಾಮಾ ಅಂದ್ಲು. ತಂಗಿ ಇದ್ದಾಳೆ ಅಂದ್ಲು. ತಂಗಿ ಇದ್ದಾಳೆ, ಹಾಗೇ ಅಂದಳೆ, ಇನ್ನೊಂದು ಸಲ ಹೇಳಿ ಅನ್ನಬೇಕು, ಅನ್ನಲಾರೆ, ಬುಧವಾರ, ಗುರುವಾರ, ಶುಕ್ರವಾರ, ಇವತ್ತು, ನಾಲ್ಕು ದಿನದಿಂದ ಹಾಗೇ ಇಟ್ಟುಕೊಂಡಿದ್ದಾಳೆ, ಎಲ್ಲಿ ಇಟ್ಟಿರುತ್ತಾಳೆ ಎಂದು ಗೊತ್ತು ನನಗೆ, ಎಡಗಡೆ ಒಳಜೇಬು, ಅಮ್ಮನ ಕೋಟಿನ ಅಸ್ತರಿನಲ್ಲೇ ನಾನು ಇಟ್ಟ ಜೇಬು, ಅದರ ತಳದಲ್ಲಿ ಗುಂಡಿ, ಕಂದು ಗುಂಡಿ, ನಾಲ್ಕು ತೂತು, ದಾರವಿಲ್ಲದೆ, ನಾಲ್ಕು ತೂತು, ದಾರವಿಲ್ಲದೆ—