ನನ್ನ ಎಡಗೆನ್ನೆಯ ಕುಂಕುಮ

ನಾನೊಂದು ನಾಲ್ಕು ಸೀಟಿನ ಪುಟ್ಟ ವಿಮಾನ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಭಾರತಕ್ಕೆ ಹಾರಿಕೊಂಡೇ ಬಂದೆ ಎಂದು ಜಂಬ ಕೊಚ್ಚಿಕೊಳ್ಳುವ ಆಸೆಯೇನೋ ಇದೆ. ಆದರೆ ಬಂದದ್ದು ಹಡಗಿನಲ್ಲಿ, ಮರದ ಪೆಟ್ಟಿಗೆಯೊಳಗೆ, ರೆಕ್ಕೆ ಬೇರೆ ಮೈ ಬೇರೆಯಾಗಿ. ಮುಂಬೈಯಲ್ಲಿ ನನ್ನನ್ನು ಜೋಡಿಸಿದರು. ಮೊದಲ ಒಂಬತ್ತು ವರ್ಷ ಹಾರಾಟ ಕಲಿಸುವ ಒಂದು ಕ್ಲಬ್ಬಿನಲ್ಲಿ ದುಡಿದೆ. ಅಲ್ಲಿ ಕಲಿಯುವವರು ನನ್ನನ್ನು ನೆಲಕ್ಕೆ ಇಳಿಸುತ್ತಿರಲಿಲ್ಲ, ಎತ್ತಿ ಹಾಕುತ್ತಿದ್ದರು. ಮೂಗಿನ ಚಕ್ರ ಎರಡು ಸಲ ಮುರಿಯಿತು. ರಿಪೇರಿ ಮಾಡಿಸಿ ಮಾಡಿಸಿ ಬೇಸತ್ತ ಕ್ಲಬ್ಬಿನವರು ಮಾರಿದಾಗ ನನ್ನನ್ನು ಕೊಂಡವರು ಗುರುಪಾದಪ್ಪ ಕಂದಗಲ್ಲ.

ಗುರುಪಾದಪ್ಪನವರದು ಬಾಗಲಕೋಟೆ ಕಡೆ ಹತ್ತಿಯ ಜಿನ್ನಿಂಗ್ ಮಿಲ್ಲು. ಅಲ್ಲೇ ಹತ್ತಿರದಲ್ಲಿ, ಮುಚ್ಚಿಹೋದ ಸಿಮೆಂಟ್ ಕಾರ್ಖಾನೆಯೊಂದರ ರನ್‌ವೇ ಇತ್ತು. ಅದರ ಅಂಚಿನ ತಗಡಿನ ಶೆಡ್ಡು ನನ್ನ ಮನೆಯಾಯಿತು. ನನ್ನ ಆರೈಕೆ ಮೆಕ್ಯಾನಿಕ್ ದಸ್ತಗೀರ್ ಸಾಬರದು. ಆ ಮನುಷ್ಯ ಮಾತು ಕಡಿಮೆ, ಒರೆಸುವುದು ಜಾಸ್ತಿ. ಭಾನುವಾರ ಬಂದರೆ ಗುರುಪಾದಪ್ಪನವರು ನನ್ನನ್ನೇರಿ ಒಂದು ಸುತ್ತು ಹಾಕಿ ಬರುವುದು ಇಪ್ಪತ್ತೆರಡು ವರ್ಷ ತಪ್ಪಲಿಲ್ಲ.

ಅವರ ಹೆಂಡತಿ ನೀಲವ್ವ ಮಾತ್ರ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ಮನೆಯಲ್ಲಿ ನನಗೆ ಸವತಿ ಎಂದೇ ಹೆಸರಂತೆ. ಆ ಮಾತಿಗೆ ನನಗೇನೂ ಸಿಟ್ಟಿಲ್ಲ. ಪ್ರತಿ ಭಾನುವಾರ ಗಂಡನನ್ನು ಕರೆದೊಯ್ಯುವವಳನ್ನು ಇನ್ನೇನೆಂದು ಕರೆಯಬೇಕು? ಆದರೆ ಅದರ ಹಿಂದೆ ಇದ್ದದ್ದು ಹೆದರಿಕೆ. ಅವರಿಗೆ ಮಾಳಿಗೆಯ ಮೆಟ್ಟಿಲು ಹತ್ತಿದರೂ ತಲೆ ತಿರುಗುತ್ತಿತ್ತು.

ಒಂದು ಸೆಪ್ಟೆಂಬರಿನಲ್ಲಿ ಗುರುಪಾದಪ್ಪನವರು ನನ್ನ ರೆಕ್ಕೆಗೆ ಒರಗಿ ನಿಂತು ದಸ್ತಗೀರರಿಗೆ ಹೇಳಿದರು: “ಕಣ್ಣಿನ ನರ ಸೊರಗಾಕತ್ತಾವಂತ. ಈ ಸಲ ಸರ್ಟಿಫಿಕೇಟ್ ಕೊಟ್ಟಾರ. ಏಪ್ರಿಲ್ ಮುಂದ ಕೊಡೂದಿಲ್ಲ ಅಂದ್ರು. ಅಲ್ಲಿಗಿ ನನ್ನ ಹಾರಾಟ ಮುಗೀತು.”

ದಸ್ತಗೀರರು ಕೈಯಲ್ಲಿದ್ದ ಬಟ್ಟೆ ಮಡಚಿಟ್ಟರು.

“ಇದನ್ನ ಕೇಳಿ ಮನ್ಯಾಗ ಆಕಿ ಏನಂದ್ಲು ಗೊತ್ತೇನು? ಒಮ್ಮೆ ಬರತೀನಿ, ಕಾಶಿಗೆ ಆದ್ರ ಬರತೀನಿ ಅಂದ್ಲು.”

ಇಪ್ಪತ್ತೆರಡು ವರ್ಷ ಕಾದು ಸಿಕ್ಕ ಒಂದು ‘ಹೂಂ’ ಅದು. ಅದನ್ನು ಕೆಡಿಸಿಕೊಂಡರೆ ಇನ್ನೊಂದು ಸಿಗುವುದಿಲ್ಲವೆಂದು ಶೆಡ್ಡಿನಲ್ಲಿದ್ದ ನಮ್ಮೆಲ್ಲರಿಗೂ ಗೊತ್ತಿತ್ತು. ವಿಜಯದಶಮಿಯ ಬೆಳಿಗ್ಗೆ ಹೊರಡುವುದು, ನಾಗಪುರದಲ್ಲಿ ಇಳಿದು ಪೆಟ್ರೋಲು ತುಂಬಿಸಿಕೊಳ್ಳುವುದು, ಸಂಜೆಯೊಳಗೆ ಕಾಶಿ ಎಂದು ನಿಶ್ಚಯವಾಯಿತು.

ಆಮೇಲೆ ನನಗೆ ನಡೆದ ಉಪಚಾರ ಮದುವಣಗಿತ್ತಿಗೂ ನಡೆದಿರಲಿಕ್ಕಿಲ್ಲ. ದಸ್ತಗೀರರು ಹಳೆಯ ಎಣ್ಣೆ ಚೆಲ್ಲಿ ಹೊಸದು ಹಾಕಿದರು, ಟೈರು ಬದಲಿಸಿದರು, ರೆಕ್ಕೆಯ ಒಂದೊಂದು ಮೊಳೆಯನ್ನೂ ಬೆರಳಲ್ಲಿ ಮುಟ್ಟಿ ನೋಡಿದರು. ಪೆಟ್ರೋಲನ್ನು ಸೋಸಿ ಸೋಸಿ ಕುಡಿಸಿದರು. ಟ್ಯಾಂಕಿನ ಅಡಿಯಿಂದ ಗಾಜಿನ ಲೋಟಕ್ಕೆ ಒಂದಿಷ್ಟು ಇಳಿಸಿ, ನೀರಿನ ಹನಿ ಇದೆಯೇ ಎಂದು ಬಿಸಿಲಿಗೆ ಹಿಡಿದರು. ಗುರುಪಾದಪ್ಪನವರು ನನ್ನ ಬಾಲದ ಮೇಲೆ ನಕ್ಷೆ ಹರಡಿ, ಸ್ಕೇಲಿನಿಂದ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದರು.

ನನ್ನಂಥ ಪುಟ್ಟ ವಿಮಾನಕ್ಕೆ ಭಾರ ಹೆಚ್ಚಾಗಬಾರದು. ತೂಕದ ಸರದಿ ಬಂದಾಗ ಮಿಲ್ಲಿನಿಂದ ಹತ್ತಿ ತೂಗುವ ಕಾಟಾ ತರಿಸಿದರು. ನೀಲವ್ವ ಕಳಿಸಿದ ಗಂಟನ್ನು ಇಟ್ಟರೆ ಇಪ್ಪತ್ತೊಂಬತ್ತು ಕಿಲೊ! ಕಟಕ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ. ಮರುದಿನ ಅವರೇ ಬಂದರು.

“ಕಾಶ್ಯಾಗ ಊಟ ಸಿಗೂದಿಲ್ಲೇನು?” ಎಂದು ಗುರುಪಾದಪ್ಪನವರು ಕೇಳಿದರು.

“ಊಟ ಸಿಗತೈತಿ. ರೊಟ್ಟಿ ಸಿಗೂದಿಲ್ಲ.”

ಅವರನ್ನೂ ತೂಗಬೇಕೆಂದಾಗ, “ಇಬ್ಬರೂ ಆ ಕಡೆ ಮಾರಿ ಮಾಡ್ರಿ” ಎಂದು ಗಂಡಸರನ್ನು ಗೋಡೆಯತ್ತ ತಿರುಗಿಸಿ ನಿಲ್ಲಿಸಿ, ತಾವೇ ಕಾಟಾ ಹತ್ತಿ ಅಂಕಿ ಹೇಳಿದರು. ನಾಲ್ಕು ಕಿಲೊ ಕಡಿಮೆ ಹೇಳಿದರು. ನಾನು ನೋಡಿದೆ. ಗುರುಪಾದಪ್ಪನವರೂ ಗೋಡೆ ನೋಡುತ್ತಲೇ ಐದು ಕೂಡಿಸಿ ಬರೆದುಕೊಂಡರು.

ಇನ್ನು ನನ್ನ ಎಡಗೆನ್ನೆಯ ವಿಷಯ ಹೇಳಬೇಕು. ಬಾಗಿಲಿನ ಮುಂದೆ ರೂಪಾಯಿ ನಾಣ್ಯದಷ್ಟಗಲದ ಉಕ್ಕಿನ ಬಿಲ್ಲೆಯಿದೆ. ಅದರ ನಡುವೆ ಸೂಜಿ ಹೋಗುವಷ್ಟು ತೂತು. ಎಷ್ಟು ಎತ್ತರದಲ್ಲಿದ್ದೇನೆಂದು ನನ್ನ ಮೀಟರಿಗೆ ತಿಳಿಯುವುದು ಆ ತೂತಿನಲ್ಲಿ ಆಡುವ ಗಾಳಿಯಿಂದ. ಅದು ಕಟ್ಟಿಕೊಂಡರೆ ಎತ್ತರದ ಮುಳ್ಳು ಇದ್ದಲ್ಲೇ ನಿಲ್ಲುತ್ತದೆ, ವೇಗದ ಮುಳ್ಳು ಸುಳ್ಳು ಹೇಳುತ್ತದೆ. ದಾರಿಯಲ್ಲಿ ಮೋಡ ಮುಸುಕಿದರೆ ಒಳಗೆ ಕೂತವರ ಗತಿ ದೇವರಿಗೇ ಪ್ರೀತಿ.

ಪ್ರತಿ ವರ್ಷ ಆಯುಧ ಪೂಜೆಯ ದಿನ ದಸ್ತಗೀರರು ಆ ತೂತಿಗೆ ಟೇಪು ಅಂಟಿಸಿಯೇ ಹೂವು, ಕುಂಕುಮ ತರಿಸುತ್ತಿದ್ದರು. ಆ ವರ್ಷ ಅವರು ಇಳಕಲ್ಲಿನ ತಂಗಿಯ ಮನೆಗೆ ಹೋಗಿದ್ದರು. ಗುರುಪಾದಪ್ಪನವರು ಮಿಲ್ಲಿನ ಪೂಜೆಯಲ್ಲಿದ್ದರು. ನನ್ನ ಪೂಜೆಗೆ ಬಂದವರು ನೀಲವ್ವ ಒಬ್ಬರೇ. ತಾನು ಕೂಡುವ ವಿಮಾನಕ್ಕೆ ತಾನೇ ಪೂಜೆ ಮಾಡಬೇಕೆಂದು ಹಟ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಮೂಗಿಗೆ ಚೆಂಡುಹೂವಿನ ಮಾಲೆ ಹಾಕಿದರು. ಆಮೇಲೆ ಕುಂಕುಮದ ಬಟ್ಟಲು ಹಿಡಿದು ನನ್ನ ಸುತ್ತ ನಡೆದರು. ಎಡಗೆನ್ನೆಯ ಹೊಳೆಯುವ ದುಂಡು ಬಿಲ್ಲೆ ಕಂಡಿತು. ಕುಂಕುಮಕ್ಕೆಂದೇ ಮಾಡಿಸಿಟ್ಟ ಜಾಗ ಎನಿಸಿರಬೇಕು. ಗಟ್ಟಿ ಗಂಧವನ್ನು ಒತ್ತಿ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟು, ನನ್ನ ಮೈ ಮುಟ್ಟಿ ಕಣ್ಣಿಗೊತ್ತಿಕೊಂಡರು. “ಇವರನ್ನ ಜ್ವಾಕಿ ಮಾಡವ್ವಾ” ಎಂದರು. ಇಷ್ಟು ವರ್ಷಗಳಲ್ಲಿ ಅವರು ನನ್ನೊಡನೆ ಆಡಿದ ಮೊದಲ ಮಾತು. ನನಗೆ ಸಂತೋಷದಿಂದ ಅಳು ಬರುವಂತಾಯಿತು, ಭಯದಿಂದ ಉಸಿರು ಕಟ್ಟಿತು. ಬಾಯಿ ಎಲ್ಲಿಂದ ತರಲಿ? ರಾತ್ರಿಯಿಡೀ ಗಂಧ ಒಣಗಿ ಕಲ್ಲಾಯಿತು.

ಬೆಳಿಗ್ಗೆ ಇಳಕಲ್ಲಿನಿಂದ ನೇರ ಬಂದ ದಸ್ತಗೀರರು ಕೊನೆಯ ತಪಾಸಣೆಗೆ ನನ್ನ ಸುತ್ತ ಬಂದರು. ಎಡಗೆನ್ನೆಯ ಮುಂದೆ ಕುಕ್ಕರಗಾಲಲ್ಲಿ ಕೂತವರು ಏಳಲೇ ಇಲ್ಲ. ಹಚ್ಚಿದವರು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಹೊಸ ಇಳಕಲ್ಲ ಸೀರೆ ಉಟ್ಟು ನೀಲವ್ವ ಎರಡು ಮಾರು ದೂರದಲ್ಲಿ ನಿಂತಿದ್ದರು. ಗಂಡನ ಜೊತೆ ದೂರದೂರಿಗೆ ಹೊರಟು ನಿಂತ ಮುತ್ತೈದೆಗೆ, ನೀನು ಹಚ್ಚಿದ ಕುಂಕುಮ ಅಳಿಸಬೇಕು ಎಂದು ಯಾರು ಹೇಳುವುದು? ದಸ್ತಗೀರರು ಗುರುಪಾದಪ್ಪನವರನ್ನು ಕಣ್ಣಲ್ಲೇ ಕರೆದರು. ಅವರೂ ಬಗ್ಗಿ ನೋಡಿ, ಮುಖ ಸಣ್ಣದು ಮಾಡಿಕೊಂಡು ಎದ್ದರು.

“ನೀಲಾ, ಇಂಜಿನ್ನು ಯಾಕೋ ಕಟಕಟ ಅನ್ನಾಕತ್ತೈತಿ. ನಾಳೆ ಹೋಗೂಣೇನು?”

“ಇನ್ನೂ ಚಾಲೂನ ಮಾಡಿಲ್ಲ, ಕಟಕಟ ಎಲ್ಲಿಂದ ಬಂತು?”

ಗುರುಪಾದಪ್ಪನವರು ದಸ್ತಗೀರರ ಮುಖ ನೋಡಿದರು. ಬಿರುಗಾಳಿ, ಸಿಡಿಲು ಎಲ್ಲ ನೋಡಿದವಳು ನಾನು. ಎಲ್ಲ ಬಲ್ಲ ಇಬ್ಬರು ಬಾಯಿಗೆ ಬೀಗ ಹಾಕಿಕೊಂಡು ನಿಂತ ಆ ಐದು ನಿಮಿಷಕ್ಕೆ ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ.

ನೀಲವ್ವ ಗಂಡನತ್ತ ತಿರುಗಿದರು. “ಮೂರು ದಿನದಿಂದ ಮನಸ್ಸು ಗಟ್ಟಿ ಮಾಡಕೊಂಡು ಬಂದೀನ್ರಿ. ಇವತ್ತು ಹೊಳ್ಳಿ ಹೋದ್ರ ಈ ಜನ್ಮದಾಗ ನಾ ಇದನ್ನ ಹತ್ತೂದಿಲ್ಲ. ದಸ್ತಗೀರಣ್ಣ, ನೀನರ ಖರೇ ಹೇಳು.”

ದಸ್ತಗೀರರು ನೆಲ ನೋಡುತ್ತ ಹೇಳಿದರು. “ಅಕ್ಕಾರ, ನೀವು ಕುಂಕುಮ ಹಚ್ಚಿದ್ದು ಇದರ ಉಸಿರಾಡೂ ತೂತಿಗೆ. ಅದು ಮುಚ್ಚಿದ್ರ ಎಷ್ಟು ಮ್ಯಾಲ ಅದೀವಿ ಅನ್ನೂದು ಸಾಹೇಬ್ರಿಗೆ ತಿಳಿಯೂದಿಲ್ರಿ.”

ನೀಲವ್ವ ಬಂದು ಬಗ್ಗಿ ನೋಡಿದರು. ಮುಖ ಕೆಂಪಾಯಿತು.

“ಇಷ್ಟು ಹೇಳಾಕ ಇಬ್ಬರು ಗಂಡಸರು ನೀರು ಕುಡೀತೀರಲ್ಲ! ಇವರು ಚಲೋ ಇರಲಿ ಅಂತ ಹಚ್ಚಿದ್ದು. ಇವರ ಜೀವಕ್ಕ ಅಡ್ಡ ಬರೂದಾದ್ರ ಅದ್ಯಾತರ ಕುಂಕುಮ? ನೀರು ಕೊಡ್ರಿ ಇಲ್ಲೆ.”

ಹೊಸ ಸೀರೆಯ ಸೆರಗನ್ನೇ ಒದ್ದೆ ಮಾಡಿ ತಾವೇ ಒರೆಸಿದರು. ದಸ್ತಗೀರರು ಒಳಗಿನ ನಳಿಕೆ ಬಿಚ್ಚಿ, ಹೊರಮುಖವಾಗಿ ಗಾಳಿ ಊದಿದರು. ಸಾಸಿವೆಯಷ್ಟು ಗಂಧದ ಉಂಡೆ ಟಪ್ಪೆಂದು ಹಾರಿ ಬಿತ್ತು. ನೆಗಡಿಯಿಂದ ಕಟ್ಟಿದ ಮೂಗು ಬಿಟ್ಟಾಗ ನಿಮಗೆ ಹೇಗಾಗುತ್ತದೋ ಹಾಗಾಯಿತು ನನಗೆ. ನಳಿಕೆ ಮತ್ತೆ ಜೋಡಿಸಿ, ಮೀಟರಿನ ಮುಳ್ಳು ಆಡುವುದನ್ನು ಎರಡೆರಡು ಸಲ ನೋಡಿದ ಮೇಲೆ ದಸ್ತಗೀರರು ಕಿಸೆಯಿಂದ ಬನ್ನಿ ಎಲೆ ತೆಗೆದು ಇಬ್ಬರ ಕೈಗೂ ಕೊಟ್ಟರು. “ಬನ್ನಿ ತೊಗೊಂಡು ಬಂಗಾರದಂಗ ಇರ್ರಿ” ಎಂದರು.

ನೆಲ ಬಿಟ್ಟಾಗ ನೀಲವ್ವ ಕಣ್ಣು ಮುಚ್ಚಿ, ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. “ಮುಳ್ಳು ಏರಾಕತ್ತೈತೇನ್ರೀ?” ಎಂದು ಕೇಳಿದರು. “ಏರಾಕತ್ತೈತಿ.” ಎರಡು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ, ಅದೇ ಉತ್ತರ. ಗೋದಾವರಿ ದಾಟುವಾಗ ಪ್ರಶ್ನೆ ನಿಂತಿತು. ಹಣೆ ಕಿಟಕಿಗೆ ಒತ್ತಿ ಕೆಳಗೆ ನೋಡುತ್ತಿದ್ದರು. ಹೊಳೆ, ಹೊಲ, ಹತ್ತಿಕಾಳಿನಷ್ಟು ಲಾರಿಗಳು. ತಲೆ ತಿರುಗುವುದನ್ನು ಮರೆತೇಬಿಟ್ಟಿದ್ದರು.

ಕಿಟಕಿಯಿಂದ ಮುಖ ತಿರುಗಿಸದೆಯೇ ಕೇಳಿದರು: “ಹಿಂಗ ಇರತೈತಿ ಅಂತ ಯಾಕ ಹೇಳಲಿಲ್ಲ ನನಗ?”

“ಇಪ್ಪತ್ತೆರಡು ವರ್ಷ ಹೇಳೇನಲ್ಲ.”

“ಇನ್ನಷ್ಟು ಜೋರ ಹೇಳಬೇಕಿತ್ತು” ಎಂದು ಕಣ್ಣೊರೆಸಿಕೊಂಡರು. ಸೂರ್ಯ ಮುಳುಗುವ ಮೊದಲೇ ನಾನು ಕಾಶಿಯಲ್ಲಿ ಮೆಲ್ಲಗೆ ಇಳಿದೆ.

ಸರ್ಟಿಫಿಕೇಟ್ ಮುಗಿದ ಮೇಲೆ ಗುರುಪಾದಪ್ಪನವರು ನನ್ನನ್ನು ಒಂದು ಪಾಲಿಟೆಕ್ನಿಕ್ಕಿಗೆ ಕೊಟ್ಟರು, ಈಗ ಅದರ ಅಂಗಳದಲ್ಲಿದ್ದೇನೆ. ಇಂಜಿನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದಾರೆ, ಹುಡುಗಿಯರು, ಹುಡುಗರು ಮುಟ್ಟಿ ಮುಟ್ಟಿ ಕಲಿಯುತ್ತಾರೆ. ಮೊದಲಿನ ಹಾಗೆ ನೆಲಕ್ಕೆ ಎತ್ತಿ ಹಾಕುವವರಿಲ್ಲ, ಹಾಯಾಗಿದೆ. ಹಾರುವ ಆಸೆ ಉಳಿಯಿತೇ ಎಂದರೆ, ಇಲ್ಲ. ಒಮ್ಮೆ ಮಾತ್ರ ಬರುತ್ತೇನೆ ಎಂದಿದ್ದ ನೀಲವ್ವ, ಏಪ್ರಿಲ್ ಮುಗಿಯುವುದರೊಳಗೆ ನನ್ನಲ್ಲಿ ಹದಿನಾಲ್ಕು ಸಲ ಕೂತರು.