ಮೇಲಕ್ಕೆ ಎತ್ತುವ ಹಿಡಿ

ಕಾರಿನ ಬಾಗಿಲಿನ ಒಳಹಿಡಿ ತಲೆಕೆಳಗಾಗಿ ಕೂರಲೊಲ್ಲದು. ಮೌಸನ್ನು ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ಹಿಡಿ ಕೆಂಪಗೆ ಮಿನುಗಿ ಮತ್ತೆ ಬೆಂಚಿನ ಮೇಲೆ ಹೋಗಿ ಬಿತ್ತು. ಆಟದ ಗ್ಯಾರೇಜಿನಲ್ಲಿ ಯಾವ ಭಾಗಕ್ಕೂ ಒಂದೇ ದಾರಿ. ತಪ್ಪಾಗಿ ಹಾಕುತ್ತೇನೆಂದರೆ ಬಿಡುವುದಿಲ್ಲ.

ಮೂರು ತಿಂಗಳಿಂದ ಭಾನುವಾರದ ಮಧ್ಯಾಹ್ನಗಳಲ್ಲಿ ನಾನೂ ಅಣ್ಣನೂ ಈ ಆಟ ಆಡುತ್ತಿದ್ದೆವು. ಅವನು ತನ್ನ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ, ಇಬ್ಬರ ಕಿವಿಗೂ ಹೆಡ್‌ಫೋನ್. ಪರದೆಯ ಮೇಲೆ ನೀಲಿ ಅಂಗಿಯ ಇಬ್ಬರು ಮೆಕ್ಯಾನಿಕ್ಕುಗಳು. ಪಾಳು ಕೊಟ್ಟಿಗೆಯಲ್ಲಿ ಹುಲ್ಲಿನಡಿ ಬಿದ್ದಿದ್ದ ಹಳೆಯ ಕಾರೊಂದನ್ನು ಎಳೆದು ತಂದು, ಒಂದೊಂದೇ ಬೋಲ್ಟು ಬಿಚ್ಚಿ, ತುಕ್ಕು ಕೆರೆದು, ತೂತಾದ ತಳಕ್ಕೆ ತಗಡು ಬೆಸೆದು, ಕಡುಹಸಿರು ಬಣ್ಣ ಹೊಡೆದಿದ್ದೆವು. ಅಪ್ಪನ ಕಾರಿನದೇ ಮಾಡೆಲ್, ಅದೇ ಬಣ್ಣ. ಅದನ್ನು ಹುಡುಕಿಕೊಟ್ಟವನೂ, ನನ್ನ ಕಂಪ್ಯೂಟರಿಗೆ ಆಟ ಹಾಕಿಕೊಟ್ಟವನೂ ಅಣ್ಣನೇ.

"ಬಟ್ಟೆಗೆ ಗ್ರೀಸ್ ಅಂಟದ ಮೆಕ್ಯಾನಿಕ್ಕನ್ನ ಇವತ್ತೇ ನೋಡಿದ್ದು," ಎಂದು ನನ್ನ ಗಂಡ ನಗುತ್ತಿದ್ದ. ನಗಲಿ. ನಾನು ಹಲ್ಲಿನ ಡಾಕ್ಟರ ಸಹಾಯಕಿ. ಅವರು ಕೈ ಚಾಚುವ ಮೊದಲೇ ಬೇಕಾದ ಉಪಕರಣ ಅವರ ಅಂಗೈಯಲ್ಲಿರುತ್ತದೆ. ಆ ವಿದ್ಯೆ ನಾನು ಕಲಿತದ್ದು ಕ್ಲಿನಿಕ್ಕಿನಲ್ಲಲ್ಲ, ಅಪ್ಪನ ಗ್ಯಾರೇಜಿನಲ್ಲಿ, ಕಾರಿನಡಿಯಿಂದ ಚಾಚಿದ ಅವರ ಕಾಲುಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು. ಅಪ್ಪ ನನ್ನನ್ನು 'ಹತ್ತು-ಹನ್ನೊಂದು' ಎಂದೇ ಕರೆಯುತ್ತಿದ್ದರು. ಅದೊಂದು ಸ್ಪ್ಯಾನರಿನ ಅಳತೆ. "ದಿನಕ್ಕೆ ನೂರು ಸಲ ಬೇಕು, ಹುಡುಕಿದಾಗ ಮಾತ್ರ ಸಿಗಲ್ಲ," ಎನ್ನುತ್ತಿದ್ದರು. ಆದರೆ ದೊಡ್ಡವರಾದ ಮೇಲೆ ಗ್ಯಾರೇಜು ಹಿಡಿದವನು ಅಣ್ಣ. ನನಗೆ ಯಾರೂ ಬೇಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ.

ಕೊನೆಯ ದಿನಗಳಲ್ಲಿ ಅಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು, "ಗ್ಯಾರೇಜ್ ಶೆಡ್ಡಿನ ಹಿಂದೆ ನಿಂತಿರೋ ನನ್ನ ಗಾಡಿ ಇವಳಿಗೆ. ಇವಳೇ ಅದನ್ನ ಎಬ್ಬಿಸ್ಲಿ."

ಅಪ್ಪ ಹೋಗಿ ಎರಡು ವರ್ಷವಾದರೂ ಕಾರು ಟಾರ್ಪಾಲಿನಡಿಯೇ ಇತ್ತು. ಯಾವಾಗ ಶುರು ಮಾಡೋಣ ಎಂದು ಕೇಳಿದಾಗಲೆಲ್ಲ ಅಣ್ಣನ ಬಳಿ ಒಂದು ಕಾರಣ ಸಿದ್ಧವಿರುತ್ತಿತ್ತು. ಕೊನೆಗೆ ಈ ಆಟ ತಂದ. "ಮೊದ್ಲು ಇದ್ರಲ್ಲಿ ಕೈ ಪಳಗಿಸು. ಇದು ಮುಗಿದ ದಿನ ಅದರ ಟಾರ್ಪಾಲು ಎತ್ತೋಣ. ಶೆಡ್ಡಿಗೆ ಈಗ ಬರಬೇಡ, ನೆಲ ಹಾಕಿಸ್ತಾ ಇದ್ದೀನಿ, ಕಾಲಿಡೋಕೆ ಜಾಗ ಇಲ್ಲ."

ಆ ಮಾತು ನಂಬಿ ಒಂದೊಂದು ಬೋಲ್ಟನ್ನೂ ಪರೀಕ್ಷೆಗೆ ಓದುವ ಹಾಗೆ ಕಲಿತೆ. ಯಾವುದನ್ನು ಮೊದಲು ಬಿಚ್ಚಬೇಕು, ಯಾವುದನ್ನು ಕೊನೆಗೆ ಬಿಗಿಯಬೇಕು ಎಂದು ಬಸ್ಸಿನಲ್ಲೂ ಬೆರಳು ಮಡಚುತ್ತಿದ್ದೆ.

ಆ ಭಾನುವಾರ ಉಳಿದಿದ್ದದ್ದು ಎಡಗಡೆಯ ಹಿಂದಿನ ಬಾಗಿಲಿನ ಒಳಹಿಡಿ ಮಾತ್ರ. ಅಪ್ಪನ ಕಾರಿನಲ್ಲಿ ಆ ಹಿಡಿ ತಲೆಕೆಳಗು. ನಾನು ಚಿಕ್ಕವಳಿದ್ದಾಗ ಜೋತುಬಿದ್ದು ಮುರಿದಿದ್ದೆ. ಅಪ್ಪ ಗುಜರಿ ಕಾರಿನ ಬಲಬಾಗಿಲಿನ ಹಿಡಿ ತಂದು ಎಡಕ್ಕೆ ಕೂರಿಸಿದ್ದರು. ಉಳಿದ ಬಾಗಿಲುಗಳಿಗೆ ಕೆಳಗೆ ಒತ್ತಬೇಕು, ಅದೊಂದನ್ನು ಮಾತ್ರ ಮೇಲಕ್ಕೆ ಎತ್ತಬೇಕು. ಹೊಸಬರು ಕೂತರೆ ಒತ್ತಿ ಒತ್ತಿ ಒಳಗೇ ಒದ್ದಾಡುವರು. ಅಮ್ಮನೂ ನಾನೂ ಹೊರಗೆ ನಿಂತು "ಎತ್ತಿ, ಮೇಲಕ್ಕೆತ್ತಿ" ಎಂದು ನಗುವೆವು. ಅಣ್ಣ ಆ ಸೀಟಿನಲ್ಲಿ ಕೂತದ್ದೇ ಇಲ್ಲ. ಗಂಡುಹುಡುಗ, ಯಾವಾಗಲೂ ಮುಂದೆ.

"ಅಣ್ಣಾ, ಎಡಗಡೆ ಹಿಂದಿನ ಹಿಡಿಗೆ ಅಪ್ಪ ಎಷ್ಟು ಸ್ಕ್ರೂ ಹಾಕಿದ್ರು? ಒಂದ್ಸಲ ನೋಡಿ ಹೇಳ್ತೀಯಾ?" ಎಂದೆ, ನಿಜವಾದದ್ದಕ್ಕೆ ಕೈ ಹಚ್ಚುವಾಗ ತಿಳಿದಿರಲಿ ಎಂದು.

ಮರುದಿನ ನಾನು ಕ್ಲಿನಿಕ್ಕಿನಲ್ಲಿದ್ದಾಗ ಫೋನ್ ಮಾಡಿದ. "ನೋಡ್ದೆ ಕಣೇ. ಎಲ್ಲಾ ಬಾಗಿಲಿನ ಥರಾನೇ, ಎರಡು ಸ್ಕ್ರೂ. ಕೆಳಗೆ ಒತ್ತಿದ್ರೆ ಸಲೀಸಾಗಿ ತೆಗಿಯುತ್ತೆ. ಈಗ ತಾನೇ ಒತ್ತಿ ನೋಡಿ ಬಂದೆ."

"ಹೌದಾ," ಎಂದೆ. ಕೈಯಲ್ಲಿದ್ದ ಉಪಕರಣದ ತಟ್ಟೆಯನ್ನು ಕೆಳಗಿಟ್ಟೆ. ಡಾಕ್ಟರು ಎರಡು ಸಲ ಕೈ ಚಾಚಿದ್ದರಂತೆ, ನನಗೆ ಕಂಡಿರಲಿಲ್ಲ.

ಮಧ್ಯಾಹ್ನ ರಜೆ ಕೇಳಿ ಎರಡು ಬಸ್ಸು ಬದಲಿಸಿ ಹೋದೆ. ಗ್ಯಾರೇಜಿನ ಮುಂದಿನ ಮೇಜಿನಲ್ಲಿ ಅತ್ತಿಗೆ ಕೂತಿದ್ದರು. ನನ್ನನ್ನು ಕಂಡವರೇ ಎದ್ದು ನಿಂತರು. "ಅಯ್ಯೋ, ಒಂದ್ ಫೋನ್ ಮಾಡಿ ಬರಬಾರ್ದಿತ್ತಾ?"

ಅಷ್ಟರಲ್ಲೇ ತಿಳಿಯಿತು. ಆದರೂ ಒಳಗೆ ಹೋದೆ. ಹಿಂಬದಿಯ ಜಾಗದಲ್ಲಿ ಹೊಸ ಸಿಮೆಂಟು ನೆಲ, ಅದರ ಮೇಲೆ ಕಾರು ಎತ್ತುವ ಹಳದಿ ಬಣ್ಣದ ಲಿಫ್ಟು, ಲಿಫ್ಟಿನ ಮೇಲೆ ಯಾರದೋ ಬಿಳಿ ಕಾರು. ಅಪ್ಪನ ಟಾರ್ಪಾಲು ನಾಲ್ಕು ಮಡಿಕೆಯಾಗಿ ಕಪಾಟಿನಲ್ಲಿ ಕೂತಿತ್ತು.

ಅಣ್ಣ ಚಿಂದಿಯಲ್ಲಿ ಕೈ ಒರೆಸುತ್ತಾ ಬಂದ. ಒರೆಸಿದ್ದನ್ನೇ ಒರೆಸುತ್ತಿದ್ದ.

"ಯಾವಾಗ?"

"ಐದು ತಿಂಗ್ಳಾಯ್ತು. ಗುಜರಿಯೋರು ಬಂದು ಇಲ್ಲೇ ಕತ್ತರಿಸ್ಕೊಂಡು ಹೋದ್ರು. ಲಿಫ್ಟಿಗೆ ಬೇರೆ ಜಾಗ ಇರ್ಲಿಲ್ಲ."

ಐದು ತಿಂಗಳು. ಆಟ ಶುರುವಾಗಿದ್ದು ಮೂರು ತಿಂಗಳ ಹಿಂದೆ. ಮೂಗಿಗೆ ತುಪ್ಪ ಸವರುತ್ತಾರೆ ಎನ್ನುತ್ತಾರಲ್ಲ, ನಾನೋ ಪ್ರತಿ ಭಾನುವಾರ ಮೂಗು ಮುಂದೆ ಮಾಡಿ ಕೂತಿದ್ದೆ.

"ನಿಂಗೆ ಬೇಜಾರಾಗ್ಬಾರ್ದು ಅಂತಾನೇ ಅದನ್ನ ಹಾಕ್ಕೊಟ್ಟಿದ್ದು," ಎಂದ. "ನಿಂಗೆ ಬೇಕಾಗಿದ್ದು ರಿಪೇರಿ ಮಾಡೋ ಖುಷಿ ತಾನೆ? ನಿಜವಾದ್ದು ಎಲ್ಲಿ ಮುಗಿಸ್ತಿದ್ದೆ ನೀನು, ಹೇಳು."

ನನಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು. "ಮೊದ್ಲು ಏನು ಬಿಚ್ಚಿದ್ರು?"

"ಏನು?"

"ಕತ್ತರಿಸೋವಾಗ. ಬಾಗಿಲೋ, ಬಾನೆಟ್ಟೋ?"

ಅಣ್ಣ ನೆಲ ನೋಡಿದ. "ನಾನು ನೋಡ್ಲಿಲ್ಲ. ಊಟಕ್ಕೆ ಹೋಗಿದ್ದೆ."

ನೋಡಲಾರದೆ ಹೋದನೋ, ಹಸಿವಾಗಿ ಹೋದನೋ, ಕೇಳಲಿಲ್ಲ. ಅತ್ತಿಗೆ ಗ್ಲಾಸಿನಲ್ಲಿ ನೀರು ಹಿಡಿದು ನಿಂತಿದ್ದರು. ಮೂರು ತಿಂಗಳಿಂದ ವಾರಕ್ಕೊಮ್ಮೆ ಫೋನಿನಲ್ಲಿ "ಎಲ್ಲೀವರೆಗೆ ಬಂತು ನಿಮ್ಮ ಕಾರು?" ಎಂದು ವಿಚಾರಿಸುತ್ತಿದ್ದವರು ಇವರೇ. ನೀರು ಕುಡಿಯದೆ, ಟಾರ್ಪಾಲನ್ನು ಕಂಕುಳಲ್ಲಿ ಇರುಕಿಕೊಂಡು ಬಂದೆ.

ಮುಂದಿನ ಭಾನುವಾರ ಆಟ ತೆರೆದೆ. ಹಸಿರು ಕಾರು ದೀಪದಡಿ ಹೊಳೆಯುತ್ತಿತ್ತು. ಮೇಲೆ 'ಶೇಕಡಾ ತೊಂಬತ್ತೊಂಬತ್ತು ಮುಗಿದಿದೆ' ಎಂದಿತ್ತು. ಹಿಡಿಯೊಂದನ್ನು ಕೂರಿಸಿದರೆ ನೂರು. ಎಡಗಡೆಯ ಹಿಂದಿನ ಬಾಗಿಲನ್ನು ಮುಚ್ಚಿ, ಹಿಡಿಯನ್ನು ಬೆಂಚಿನ ಮೇಲೆಯೇ ಬಿಟ್ಟೆ.

ಪರದೆಯ ಮೂಲೆಯಲ್ಲಿ ಅಣ್ಣನ ಹೆಸರು ಮಿಣುಕಿತು. ಆಟದ ಗ್ಯಾರೇಜು ನನ್ನ ಹೆಸರಿನಲ್ಲಿತ್ತು. ನಾನು ಒಪ್ಪಿಗೆಯ ಗುಂಡಿ ಒತ್ತದೆ ಅವನು ಒಳಗೆ ಬರುವಂತಿಲ್ಲ. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಏ ಹತ್ತು-ಹನ್ನೊಂದೇ, ಸಿಟ್ಟು ಸಾಕು. ಹೊರಗೇ ನಿಂತಿದ್ದೀನಿ. ಬಾಗಿಲು ತೆಗಿ."

"ನೀನೇ ತೆಕ್ಕೋ ಅಣ್ಣಾ," ಎಂದೆ. "ಹೇಗೆ ಅಂತ ನೋಡ್ಕೊಂಡು ಬಂದಿದ್ದೀಯಲ್ಲ. ಕೆಳಗೆ ಒತ್ತು."