ದೂರದ ಚಕ್ರ

ಕೊಯ್ಲಿನ ಕಾಲ. ಶೆಡ್ಡಿನ ಮುಂದೆ ಮೂರು ಟ್ರಾಕ್ಟರುಗಳು ಬೆಳಗಿನಿಂದ ಸಾಲಾಗಿ ನಿಂತಿದ್ದವು. ಒಂದರ ಕ್ಲಚ್ಚು ಸವೆದಿತ್ತು, ಇನ್ನೊಂದರ ನೇಗಿಲೆತ್ತುವ ಲಿಫ್ಟು ಎಣ್ಣೆ ಹೊಯ್ದರೂ ಮೇಲೇಳುತ್ತಿರಲಿಲ್ಲ, ಮೂರನೆಯದಕ್ಕೆ ಏನಾಗಿದೆಯೆಂದು ಅದನ್ನು ತಂದವನಿಗೇ ಗೊತ್ತಿರಲಿಲ್ಲ. ಅತ್ತ ಹೊಲದಲ್ಲಿ ತೆನೆ ಒಣಗಿ ಕಾಳು ಉದುರುತ್ತಿದ್ದರೆ, ಇತ್ತ ಮೇಸ್ತ್ರಿ ಗೋಣಿತಾಟು ಹಾಸಿಕೊಂಡು ಅಮೆರಿಕದ ಕಾರೊಂದರ ಹೊಟ್ಟೆಯಡಿ ಅಂಗಾತ ಮಲಗಿದ್ದ.

"ಒತ್ತು," ಎಂದ ಕೆಳಗಿನಿಂದ.

ಮೇಲೆ ಸ್ಟಿಯರಿಂಗ್ ಹಿಡಿದು ಕೂತಿದ್ದ ಅವನ ಹೆಂಡತಿ ಬ್ರೇಕಿನ ಪೆಡಲನ್ನು ಒತ್ತಿ ಹಿಡಿದಳು. ಮೇಸ್ತ್ರಿ ಹಿಂದಿನ ಚಕ್ರದ ಒಳಮೈಯಲ್ಲಿದ್ದ ಬ್ರೇಕಿನ ಪೈಪು ಬಸಿಯುವ ಪುಟ್ಟ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿದ. ಗುಳುಗುಳು ಗಾಳಿ ಬಂತು, ಅದರ ಹಿಂದೆಯೇ ಹಳೆಯ ಆಯಿಲಿನ ಕೊನೆಯ ನಾಲ್ಕು ಹನಿ.

"ಬಿಡು. ಒತ್ತು ಅಂದ್ರೆ ಸರಿಯಾಗಿ ಒತ್ಬೇಕು ಕಣೇ. ಮಗು ಬೆನ್ನು ತಟ್ಟಿದ ಹಾಗಲ್ಲ."

"ಬೆಳಗಿಂದ ಒತ್ತಿ ಒತ್ತಿ ಕಾಲು ಸೋತುಹೋಯ್ತು ಕಣ್ರೀ. ನಿಮಗಿಂತ ಮೊಂಡು ಇದು."

ಬಾಗಿಲ ಪಕ್ಕದಲ್ಲಿ ಮಡಿಸಿದ ಪತ್ರಿಕೆ ಹಿಡಿದು ನಿಂತಿದ್ದವನು ಸಂಕೋಚದಿಂದ ಬಗ್ಗಿದ. "ಅಕ್ಕಾ, ಒಂದ್ನಿಮಿಷ ಏಳ್ತೀರಾ? ಕೆಳಗೆ ಪೇಪರ್ ಹಾಕ್ತೀನಿ. ಸೀಟು ಹೊಸದು."

"ಏಳ್ಬೇಡ," ಎಂದು ಕೆಳಗಿನಿಂದ ಗುಡುಗು ಬಂತು. "ಸೀಟು ಮಾಡಿರೋದೇ ಕೂರೋಕೆ. ಸಾಹೇಬ್ರಿಗೆ ಅಷ್ಟು ಕನಿಕರ ಇದ್ರೆ ತಾವೇ ಕೆಳಗೆ ಬಂದು ಮಲಗ್ಲಿ, ನನಗೂ ಬೆನ್ನು ನೋಯ್ತಾ ಇದೆ."

ಸಾಹೇಬರೆಂದರೆ ಹಿಟ್ಟಿನ ಗಿರಣಿಯ ಯಜಮಾನನ ಹೆಂಡತಿಯ ತಮ್ಮ. ಓದು ತಲೆಗೆ ಹತ್ತದೆ, ಇಟ್ಟ ಅಂಗಡಿ ಮುಳುಗಿ, ಹತ್ತು ವರ್ಷದಿಂದ ಅಕ್ಕನ ಮನೆಯಲ್ಲಿ ಠಿಕಾಣಿ ಹೂಡಿದ್ದ. ಎಂಟು ತಿಂಗಳ ಹಿಂದೆ ಯಾರೋ ಸತ್ತ ಗುತ್ತಿಗೆದಾರನ ಕೊಟ್ಟಿಗೆಯಿಂದ ಯಜಮಾನ ಈ ಅರವತ್ತರ ದಶಕದ ಕಾರನ್ನು ಎಳೆಸಿಕೊಂಡು ಬಂದಾಗ ಅದರ ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಅದನ್ನು ನೋಡಿಕೊಳ್ಳುವ, ಓಡಿಸುವ ಕೆಲಸ ಭಾವಮೈದನಿಗೆ ಬಂತು. ಅಂದಿನಿಂದ ಅವನ ಕೈಯಲ್ಲಿ ಒಂದು ಮೆತ್ತನೆಯ ಬಟ್ಟೆ, ಒಂದು ಡಬ್ಬಿ ಪಾಲಿಶ್. ಊರು ಅವನನ್ನು ಪಾಲಿಶ್ ಎಂದೇ ಕರೆಯತೊಡಗಿತು.

ಉಗುರಿನ ಸಂದಿಯಲ್ಲಿ ಕಪ್ಪಿಲ್ಲದ ಗಂಡಸನ್ನು ಮೇಸ್ತ್ರಿ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಎಂಟು ಸಿಲಿಂಡರಿನ ಎಂಜಿನ್ನನ್ನು ಚೈನು ಹಾಕಿ ಇಳಿಸಿದವನು ಅವನು. ಇಲಿ ಕಡಿದ ವೈರುಗಳನ್ನು ಒಂದೊಂದಾಗಿ ಬದಲಿಸಿ, ತುಕ್ಕು ತಿಂದ ನೆಲದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದವನೂ ಅವನೇ. ಕಾರ್ಬುರೇಟರಿನ ಕೂದಲೆಳೆಯಂಥ ತೂತುಗಳನ್ನು ತೊಳೆದವಳು ಅವನ ಹೆಂಡತಿ. ಪಾಲಿಶ್ ಮಾಡಿದ್ದು ಬಂಪರು ತಿಕ್ಕಿದ್ದಷ್ಟೆ. ಆದರೂ ದಾರಿಹೋಕರು ನಿಂತು ಕೇಳಿದರೆ, "ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ್ದೀವಿ. ಆರು ಲೀಟರ್ ಕೆಪಾಸಿಟಿ," ಎನ್ನುತ್ತಿದ್ದ. ಆ 'ದ್ದೀವಿ' ಕಿವಿಗೆ ಬಿದ್ದಾಗಲೆಲ್ಲ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು.

ಕಾರಿನ ಮೇಲೂ ಅವನಿಗೆ ಗೌರವವಿರಲಿಲ್ಲ. ಹದಿನೆಂಟಡಿ ಉದ್ದ. ತಿರುಗಿಸಬೇಕಾದರೆ ಒಂದು ಕಣ ಬೇಕು. ಒಂದು ಮೂಟೆ ಹೊರುವುದಿಲ್ಲ, ಒಂದು ಗೆರೆ ಉಳುವುದಿಲ್ಲ. ಒಬ್ಬನ ಬೊಜ್ಜನ್ನು ಪೇಟೆಯ ಈ ತುದಿಯಿಂದ ಆ ತುದಿಗೆ ಸಾಗಿಸಲು ಎಂಟು ಸಿಲಿಂಡರುಗಳು ಒಟ್ಟಿಗೆ ಕುಡಿಯಬೇಕು.

"ಮೇಸ್ತ್ರಿ, ಆಯಿಲ್ ಹಾಕೋವಾಗ ಬಣ್ಣದ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ. ಬ್ರೇಕ್ ಆಯಿಲ್ ಬಿದ್ರೆ ಬಣ್ಣ ಎದ್ದುಬಿಡುತ್ತೆ ಅಂತ ಪುಸ್ತಕದಲ್ಲಿದೆ."

ಮೇಸ್ತ್ರಿ ಕಾರಿನಡಿಯಿಂದ ಹೊರಗೆ ತೆವಳಿ ಬಂದ. "ಪುಸ್ತಕದಲ್ಲಿದೆ! ನಾನು ಆಯಿಲ್ ಹೊಯ್ಯೋಕೆ ಶುರು ಮಾಡಿದಾಗ ನೀವಿನ್ನೂ ಚಡ್ಡೀಲಿ ಹೊಯ್ಕೋತಿದ್ರಿ, ಸಾಹೇಬ್ರೇ."

ಟ್ರಾಕ್ಟರಿನವರು ಹೋ ಎಂದು ನಕ್ಕರು. ಆ ನಗೆಯ ಹುರುಪಿನಲ್ಲಿ ಮೇಸ್ತ್ರಿ ಕೈಗೆ ಸಿಕ್ಕ ಉದ್ದ ಮೂತಿಯ ಕ್ಯಾನನ್ನು ಬಗ್ಗಿಸಿ ಕೊಡವಿ, ಹೊಸ ಬ್ರೇಕ್ ಆಯಿಲಿನ ಡಬ್ಬಿ ಒಡೆದು ಅದಕ್ಕೆ ಸುರಿದುಕೊಂಡ. ಬಾನೆಟ್ಟಿನಡಿಯ ಆಯಿಲ್ ಬಟ್ಟಲಿಗೆ, ಒಂದು ಹನಿಯೂ ಬಣ್ಣಕ್ಕೆ ತಾಗದಂತೆ, ನೀಟಾಗಿ ತುಂಬಿಸಿದ; ಹೆಂಡತಿ ಮತ್ತೆ ಒತ್ತಿ ಒತ್ತಿ ಅದನ್ನು ಖಾಲಿ ಪೈಪುಗಳಿಗೆ ಇಳಿಸಿದಳು.

ಭಾನುವಾರ ಸಂಜೆ ಯಜಮಾನ ಬ್ಯಾಂಕಿನ ಮ್ಯಾನೇಜರನ್ನೂ ಅವರ ಹೆಂಡತಿಯನ್ನೂ ಹಿಂದೆ ಕೂರಿಸಿಕೊಂಡು ಕಾರಿನಲ್ಲಿ ಪೇಟೆ ಸುತ್ತಲು ಹೊರಟ. ಪಾಲಿಶ್ ಓಡಿಸುತ್ತಿದ್ದ. ಅಂಗಡಿ ಬೀದಿಯ ನಟ್ಟನಡುವೆ ಕಾರು ಮೊದಲು ತಿಣುಕಿತು, ಆಮೇಲೆ ಹೊಗೆ ಬಿಟ್ಟಿತು, ಕೊನೆಗೆ ನಾಲ್ಕೂ ಚಕ್ರ ಹಿಡಿದುಕೊಂಡು ಮಲಗಿದ ಎಮ್ಮೆಯ ಹಾಗೆ ನಿಂತೇಬಿಟ್ಟಿತು. ಮುಂದೆ ಹೋಗುವುದಿಲ್ಲ, ಹಿಂದೆ ಬರುವುದಿಲ್ಲ. ಮ್ಯಾನೇಜರರ ಹೆಂಡತಿ ಮೂಗಿಗೆ ಕರವಸ್ತ್ರ ಹಿಡಿದು ಇಳಿದು ನಡೆದೇ ಮನೆಗೆ ಹೋದರು.

ಮೇಸ್ತ್ರಿಯನ್ನು ಯಾರದೋ ಬೈಕಿನಲ್ಲಿ ಕರೆತಂದರು. ಅಷ್ಟರಲ್ಲಿ ಜನ ಸೇರಿದ್ದರು. ಅಂಗಡಿಯವರು, ಗಿರಣಿಯ ಹಮಾಲರು, ಬಸ್ಸಿಗೆ ಕಾಯುತ್ತಿದ್ದವರು, ಒಟ್ಟು ಇಪ್ಪತ್ತು ಮಂದಿಗೆ ಕಡಿಮೆಯಿಲ್ಲ.

"ಏನಯ್ಯಾ ಇದು ನಿನ್ನ ಕೆಲಸ?" ಎಂದು ಯಜಮಾನ ಎಲ್ಲರಿಗೂ ಕೇಳುವಂತೆ ಕೂಗಿದ. "ಎಂಟು ತಿಂಗಳು ಇಟ್ಕೊಂಡು ಇದನ್ನ ಮಾಡಿದ್ದಾ?"

ಮೇಸ್ತ್ರಿ ಬಾನೆಟ್ ಎತ್ತಿ ಆಯಿಲ್ ಬಟ್ಟಲಿನ ಮುಚ್ಚಳ ತೆಗೆದ. ಮುಚ್ಚಳದ ಒಳಗಿನ ರಬ್ಬರು ನೀರಲ್ಲಿ ನೆನೆದ ರೊಟ್ಟಿಯ ಹಾಗೆ ಉಬ್ಬಿ ಸುಕ್ಕಾಗಿತ್ತು. ಬೆರಳು ಅದ್ದಿ ಮೂಸಿದ. ಅವನ ಮುಖ ಅರಳಿತು.

"ಯಾರಾದ್ರೂ ಒಂದು ಲೋಟ ನೀರು ಕೊಡಿ."

ಲೋಟ ಬಂತು. ಮೇಸ್ತ್ರಿ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಬೆರಳಿನಿಂದ ಒಂದು ಹನಿ ಬಿಟ್ಟ. ಹನಿ ನೀರಿನ ಮೇಲೆ ಬಣ್ಣಬಣ್ಣದ ಉಂಗುರವಾಗಿ ಹರಡಿತು.

"ಬ್ರೇಕ್ ಆಯಿಲ್ ಆಗಿದ್ರೆ ನೀರಲ್ಲಿ ಕರಗಬೇಕು. ಇದು ತೇಲ್ತಾ ಇದೆ. ಅಂದ್ರೆ ಬೇರೆ ಎಣ್ಣೆ. ಎಣ್ಣೆ ಬಿದ್ರೆ ರಬ್ಬರ್ ಊದ್ಕೊಳ್ಳುತ್ತೆ, ಊದಿದ್ರೆ ಬ್ರೇಕು ಹಿಡಿದದ್ದು ಬಿಡಲ್ಲ." ಲೋಟವನ್ನು ಬಾನೆಟ್ಟಿನ ಮೇಲಿಟ್ಟು ಪಾಲಿಶನ ಕಡೆ ತಿರುಗಿದ. "ಗಾಡಿ ನನ್ನ ಶೆಡ್ ಬಿಟ್ಟು ಮೂರು ದಿನ ಆಯ್ತು. ಬಾನೆಟ್ ಎತ್ತಿದವರು ಯಾರು?"

"ಒರೆಸೋಕೆ ಎತ್ತಿದ್ದೆ," ಎಂದ ಪಾಲಿಶ್. "ಅದನ್ನ ನಾನು ಮುಟ್ಟಿಲ್ಲ ಮೇಸ್ತ್ರಿ."

"ಒರೆಸೋಕೆ ಹೋದವ್ರು ಹಂಗೇ ಒಂದಿಷ್ಟು ಹೊಯ್ದೂ ಬಂದಿದ್ದೀರಿ. ಹೊಳೀಲಿ ಅಂತ ಹೊಯ್ದ್ರೇನೋ! ಪುಸ್ತಕದಲ್ಲಿತ್ತಾ?"

ಬೀದಿಯೇ ನಕ್ಕಿತು. ಯಜಮಾನ ನಗಲಿಲ್ಲ. ಕೈ ಚಾಚಿ ಕಾರಿನ ಕೀ ಇಸಿದುಕೊಂಡ. "ನಿನ್ನ ಅಕ್ಕನ ಮುಖ ನೋಡಿ ಇಟ್ಕೊಂಡಿದ್ದೆ. ನಾಳೆಯಿಂದ ಗಿರಣೀಲಿ ಚೀಲ ಹೊಲಿ. ಅಲ್ಲೇ ಅಟ್ಟದ ಮೇಲೆ ಬಿದ್ಕೊ. ಮನೆ ಕಡೆ ಕಾಲಿಡ್ಬೇಡ."

ಪಾಲಿಶ್ ಕುಕ್ಕರುಗಾಲಲ್ಲಿ ಕೂತು, ಹೊಗೆಯಿಂದ ಕಪ್ಪಾಗಿದ್ದ ಚಕ್ರದ ಮುಚ್ಚಳವನ್ನು ಬಟ್ಟೆಯಲ್ಲಿ ಒರೆಸತೊಡಗಿದ. ಅದನ್ನು ನೋಡಿ ಜನ ಇನ್ನಷ್ಟು ನಕ್ಕರು. ಮೇಸ್ತ್ರಿ ನಿಪ್ಪಲುಗಳನ್ನು ಸಡಿಲಿಸಿ ಚಕ್ರ ಬಿಡಿಸಿದ. ಟ್ರಾಕ್ಟರಿಗೆ ಕಟ್ಟಿ ಕಾರನ್ನು ಶೆಡ್ಡಿಗೆ ಎಳೆದು ತಂದ. ಆ ದಿನ ಅವನು ಎರಡು ತುತ್ತು ಹೆಚ್ಚಿಗೇ ಉಂಡ.

ಮಾರನೆಯ ದಿನ ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಚಕ್ರ ಬಿಚ್ಚಲು ಕೂತರು. ಮುಂದಿನ ಎರಡು ಚಕ್ರಗಳ ರಬ್ಬರೂ ಊದಿತ್ತು. ಹಿಂದಿನ ಬಲಗಡೆಯದೂ ಊದಿತ್ತು. ಕೊನೆಗೆ ಹಿಂದಿನ ಎಡಗಡೆಯದು, ಆಯಿಲ್ ಬಟ್ಟಲಿನಿಂದ ಎಲ್ಲಕ್ಕಿಂತ ದೂರದ್ದು. ಮೇಸ್ತ್ರಿ ಅದನ್ನು ಬಿಚ್ಚಿದಾಗ ರಬ್ಬರು ಹೊರಕ್ಕೇ ಬರಲಿಲ್ಲ. ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಬೇಕಾಯಿತು. ಉಳಿದವಕ್ಕಿಂತ ಅದೇ ಹೆಚ್ಚು ಊದಿತ್ತು.

ಮೇಸ್ತ್ರಿಯ ಕೈ ನಿಂತಿತು.

ಬ್ರೇಕಿನ ಆಯಿಲ್ ರೇಡಿಯೇಟರಿನ ನೀರಿನ ಹಾಗೆ ಸುತ್ತು ಹೊಡೆಯುವಂಥದ್ದಲ್ಲ. ಎಲ್ಲಿರುತ್ತದೋ ಅಲ್ಲೇ ಇರುತ್ತದೆ. ಮೇಲಿನ ಬಟ್ಟಲಿಗೆ ಮೊನ್ನೆ ಯಾರೋ ಎಣ್ಣೆ ಹೊಯ್ದಿದ್ದರೆ ಅದು ಅಲ್ಲೇ ಆಸುಪಾಸಿನಲ್ಲಿ ಇರಬೇಕಿತ್ತು. ಅಷ್ಟುದ್ದದ ಪೈಪು ದಾಟಿ ಈ ಚಕ್ರಕ್ಕೆ ಬರಬೇಕಾದರೆ ಅದು ಎಲ್ಲಕ್ಕಿಂತ ಮೊದಲು, ಪೈಪು ಖಾಲಿಯಿದ್ದಾಗಲೇ ಹೋಗಿರಬೇಕು. ಖಾಲಿ ಪೈಪಿಗೆ ಮೊದಲ ಹನಿ ಹೊಯ್ದವನು ಒಬ್ಬನೇ.

ಹೆಂಡತಿ ತಲೆಯೆತ್ತಿ ಗೋಡೆಯ ಮೊಳೆಗೆ ನೇತುಹಾಕಿದ್ದ ಉದ್ದ ಮೂತಿಯ ಕ್ಯಾನನ್ನು ನೋಡಿದಳು. "ಅವತ್ತು ಬೆಳಿಗ್ಗೆ ಅದರಲ್ಲೇ ಅಲ್ವಾ ಟ್ರಾಕ್ಟರ್ ಲಿಫ್ಟಿಗೆ ಎಣ್ಣೆ ಹೊಯ್ದದ್ದು?"

ಮೇಸ್ತ್ರಿ ಊದಿದ ರಬ್ಬರನ್ನು ಅಂಗೈಯಲ್ಲಿ ಅತ್ತಿತ್ತ ಹೊರಳಿಸಿದ. ಹೊಸದಾಗಿ ಕೆಲಸಕ್ಕೆ ಸೇರಿದವನು ಮಾಡುವ ತಪ್ಪು. ಬೇರೆ ಶೆಡ್ಡಿನಲ್ಲಿ ಯಾರಾದರೂ ಮಾಡಿದ್ದರೆ ಆರು ತಿಂಗಳು ಆಡಿಕೊಂಡು ನಗುತ್ತಿದ್ದ.

"ಹೋಗಿ ಹೇಳಿ ಬನ್ನಿ," ಎಂದಳು.

"ಏನಂತ ಹೇಳೋದು?"

"ಮಾತು ಬಾರದವರ ಹಾಗೆ ಕೇಳ್ತೀರಲ್ಲ! ಬಯ್ಯೋವಾಗ ಎಲ್ಲಿಂದ ಬಂತೋ ಅಲ್ಲಿಂದ್ಲೇ ತನ್ನಿ."

ಗಿರಣಿಯ ಆಫೀಸು ಕೋಣೆಯಲ್ಲಿ ಯಜಮಾನ ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಂಡ. ಕೋಪ ಬರಲಿಲ್ಲ, ಆಕಳಿಕೆ ಬಂತು.

"ಯಾರು ಹೊಯ್ದರೇನಯ್ಯಾ. ಹತ್ತು ವರ್ಷ ಕೂತು ತಿಂದ. ಓಡಿಸೋಕೆ ಒಂದು ನೆಪ ಬೇಕಿತ್ತು, ನೀನೇ ಕೊಟ್ಟೆ. ಹೊಸ ರಬ್ಬರ್ ತರಿಸಿ ಹಾಕು, ಬಾಯಿ ಮುಚ್ಕೊಂಡಿರು. ನನ್ನ ಕಾರು ಮುಟ್ಟೋನಿಗೆ ಎಣ್ಣೆ ಯಾವ್ದು ಗೊತ್ತಿಲ್ಲ ಅಂತ ಊರಿಗೆ ತಿಳಿದ್ರೆ ನನಗೇ ಮರ್ಯಾದೆ ಇಲ್ಲ."

ಮೇಸ್ತ್ರಿಗೆ ಒಂದು ಗಳಿಗೆ ಎದೆ ಹಗುರಾಯಿತು. ಮರುಗಳಿಗೆ ಆ ಹಗುರಕ್ಕೇ ಹೇಸಿಗೆಯಾಯಿತು. ಇಷ್ಟು ದಿನ ಈ ಮನುಷ್ಯನ ಕಾರು, ಬೊಜ್ಜುಗಳನ್ನು ಕಂಡು ಮನಸ್ಸಿನಲ್ಲೇ ಉಗಿಯುತ್ತಿದ್ದವನು ಈಗ ಅವನ ಜೊತೆ ಒಂದೇ ಕಂಬಳಿಯಡಿ ಕೂತ ಹಾಗಾಗಿತ್ತು. ಎದ್ದು ಗಿರಣಿಯ ಒಳಗೆ ನಡೆದ.

ಒಳಗೆ ಎಂಜಿನ್ನಿನ ಸದ್ದಿಗೆ ಗೋಡೆಗಳೇ ನಡುಗುತ್ತಿದ್ದವು. ಹಮಾಲರು ಮೂಟೆ ಹೊತ್ತು ಓಡಾಡುತ್ತಿದ್ದರು; ಭಾನುವಾರ ಬೀದಿಯಲ್ಲಿ ನಕ್ಕವರಲ್ಲಿ ಅರ್ಧ ಜನ ಅವರೇ. ಹಿಟ್ಟು ಬೀಳುವ ಬಾಯಿಯ ಬಳಿ ಪಾಲಿಶ್ ದಬ್ಬಳ ಹಿಡಿದು ಚೀಲ ಹೊಲಿಯುತ್ತಿದ್ದ. ರೆಪ್ಪೆ, ಕೂದಲು, ಕಿವಿ ಎಲ್ಲ ಬೆಳ್ಳಗೆ. ದಬ್ಬಳ ಚುಚ್ಚಿದ ಬೆರಳುಗಳಿಗೆ ಚಿಂದಿ ಸುತ್ತಿಕೊಂಡಿದ್ದ.

ಮೇಸ್ತ್ರಿ ಅವನ ಕಿವಿಯ ಹತ್ತಿರ ಬಗ್ಗಿದ. "ತಪ್ಪು ನಿಮ್ಮದಲ್ಲ. ಕ್ಯಾನಿನಲ್ಲಿ ಟ್ರಾಕ್ಟರ್ ಎಣ್ಣೆ ಉಳಿದಿತ್ತು. ನನ್ನ ಕೈಯಿಂದ್ಲೇ ಆಗಿದ್ದು. ನಿಮ್ಮ ಭಾವನಿಗೂ ಹೇಳಿದೆ, ಅವರು ಕಿವಿಗೇ ಹಾಕ್ಕೊಳ್ಳಲಿಲ್ಲ."

ಪಾಲಿಶ್ ಹೊಲಿಗೆ ನಿಲ್ಲಿಸಲಿಲ್ಲ. ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಆಮೇಲೆ ಮೇಸ್ತ್ರಿಯ ಮುಖವನ್ನು ಮೇಲಿಂದ ಕೆಳಗೆ ನೋಡಿದ. ಕಾರಿನ ಬಂಪರಿನಲ್ಲಿ ಗೀರು ಹುಡುಕುವಾಗ ನೋಡುತ್ತಿದ್ದ ಹಾಗೆ.

"ಇಪ್ಪತ್ತು ಜನರ ಮುಂದೆ ಲೋಟ ಎತ್ತಿ ತೋರಿಸಿದ್ರಿ," ಎಂದು ಕೂಗಿದ. "ಈಗ ಕಿವೀಲಿ ಊದ್ತೀರಾ? ಹೋಗಿ ಮೇಸ್ತ್ರಿ, ಕೆಲಸ ಇದೆ."

ಮೇಸ್ತ್ರಿ ಸುತ್ತ ನೋಡಿದ. ಮೂಟೆ ಹೊತ್ತವನೊಬ್ಬ "ದಾರಿ ಬಿಡ್ರೀ" ಎಂದು ಭುಜಕ್ಕೆ ಗುದ್ದಿಕೊಂಡು ಹೋದ. ಇಲ್ಲಿ ಎಷ್ಟು ಗಂಟಲು ಹರಿದುಕೊಂಡರೂ ಮೂರು ಅಡಿ ಆಚೆಗೆ ಕೇಳುವುದಿಲ್ಲ. ಅವನು ಸೀದಾ ಎಂಜಿನ್ ಕೋಣೆಗೆ ಹೋಗಿ ಡೀಸೆಲ್ ಬಂದ್ ಮಾಡಿದ. ಎಂಜಿನ್ ನಾಲ್ಕು ಸಲ ಕೆಮ್ಮಿ ಉಸಿರು ಬಿಟ್ಟಿತು. ಉದ್ದನೆಯ ಬೆಲ್ಟು ಫಟ್, ಫಟ್ ಎನ್ನುತ್ತ ನಿಧಾನವಾಗಿ ನಿಂತಿತು. ಅಷ್ಟು ದೊಡ್ಡ ಕಟ್ಟಡ ಒಮ್ಮೆಲೇ ಮೌನವಾಯಿತು. ಹಮಾಲರು ಮೂಟೆ ಬೆನ್ನಲ್ಲಿಟ್ಟುಕೊಂಡೇ ತಿರುಗಿದರು. ಯಜಮಾನ ಬಾಗಿಲಿಗೆ ಬಂದು ನಿಂತ.

"ಯಾರಯ್ಯಾ ನಿಲ್ಲಿಸಿದ್ದು?"

"ನಾನು," ಎಂದ ಮೇಸ್ತ್ರಿ. ಬರಬೇಕಾದ ಮಾತು ಬರಲಿಲ್ಲ; ಬಾಯಿಗೆ ರೂಢಿಯಾಗಿದ್ದ ಮಾತೇ ಬಂತು. "ಎಲ್ಲಾರೂ ಕೇಳ್ರಪ್ಪ. ಈ ಮಹಾಶಯನಿಗೆ ಆಯಿಲ್ ಬಟ್ಟಲು ಯಾವ ಕಡೆ ಇದೆ ಅನ್ನೋದೂ ಗೊತ್ತಿಲ್ಲ. ಇವನೆಲ್ಲಿಂದ ಹೊಯ್ತಾನೆ? ಹೊಯ್ದದ್ದು ನಾನು. ತೊಳೀದೆ ಇರೋ ಕ್ಯಾನಲ್ಲಿ, ಮೂವತ್ತು ವರ್ಷ ಕೆಲಸ ಮಾಡಿದ ಕೈಯಲ್ಲಿ. ಅವತ್ತು ಬೀದೀಲಿ ನಾನು ಹೇಳಿದ್ದು ಸುಳ್ಳು."

ಯಾರೂ ನಗಲಿಲ್ಲ. ಒಬ್ಬ ಮೂಟೆ ಇಳಿಸಿ ಬೆವರು ಒರೆಸಿಕೊಂಡ. ಯಜಮಾನ ನೆಲಕ್ಕೆ ಉಗುಳಿ, "ಆಯ್ತಲ್ಲ ನಾಟಕ, ಎಂಜಿನ್ ಶುರು ಮಾಡು," ಎಂದು ಒಳಗೆ ಹೋದ.

ಹಳೆಯ ಕಾಲದ ಎಂಜಿನ್ ಅದು. ಒಮ್ಮೆ ನಿಂತರೆ ಶುರು ಮಾಡಲು ಇಬ್ಬರು ಬೇಕು. ಒಬ್ಬ ಹ್ಯಾಂಡಲ್ ಹಾಕಿ ಭಾರದ ಗಾಲಿಯನ್ನು ತಿರುಗಿಸಬೇಕು. ಗಾಲಿ ಓಟ ಹಿಡಿದ ಗಳಿಗೆಗೆ ಸರಿಯಾಗಿ ಇನ್ನೊಬ್ಬ ಮೇಲಿನ ಲಿವರನ್ನು ಕೆಳಗೆ ಬೀಳಿಸಬೇಕು. ಬೀಳಿಸುವ ತನಕ ಎಷ್ಟು ತಿರುಗಿಸಿದರೂ ಅದು ಬರೀ ಉಸಿರಾಡುತ್ತದೆ, ಶುರುವಾಗುವುದಿಲ್ಲ. ಮೇಸ್ತ್ರಿ ಹ್ಯಾಂಡಲ್ ಸಿಕ್ಕಿಸಿ ಕಾದ. ಹಮಾಲರು ನಿಂತಲ್ಲೇ ನಿಂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಪಾಲಿಶ್ ದಬ್ಬಳವನ್ನು ಚೀಲಕ್ಕೆ ಚುಚ್ಚಿಟ್ಟು ಎದ್ದು ಬಂದ. ಲಿವರಿನ ಮೇಲೆ ಚಿಂದಿ ಸುತ್ತಿದ ಬೆರಳಿಟ್ಟ.

ಮೇಸ್ತ್ರಿ ತಿರುಗಿಸಿದ. ಗಾಲಿ ಮೊದಲು ಮುನಿಸಿಕೊಂಡಿತು, ಆಮೇಲೆ ಸಡಿಲಾಯಿತು, ಓಟ ಹಿಡಿಯಿತು. ಈಗ, ಎಂದಿತು ಮೇಸ್ತ್ರಿಯ ಕಿವಿ. ಪಾಲಿಶನ ಬೆರಳು ಅಲುಗಲಿಲ್ಲ.

"ಇನ್ನೂ ಓಟ ಸಾಲದು, ಮೇಸ್ತ್ರಿ," ಎಂದ.

ಓಟ ಸಾಕಷ್ಟಿತ್ತು. ಅಲ್ಲಿದ್ದ ಹಮಾಲರಿಗೂ ಅದು ಗೊತ್ತಿತ್ತು. ಮೇಸ್ತ್ರಿ ಅವನ ಕಡೆ ನೋಡಲಿಲ್ಲ. ಹ್ಯಾಂಡಲಿನ ಮೇಲೆ ಹಿಡಿತ ಬದಲಿಸಿ, ಸೊಂಟ ಬಗ್ಗಿಸಿ, ಮತ್ತೆ ತಿರುಗಿಸತೊಡಗಿದ. ಚಾವಣಿಯ ತೊಲೆಗಳಿಂದ ಹಿಟ್ಟು ಸಣ್ಣಗೆ ಉದುರಿ ಅವನ ಎಣ್ಣೆಗಪ್ಪಿನ ತೋಳುಗಳ ಮೇಲೆ ಕೂರುತ್ತಿತ್ತು, ಬೆವರಿಗೆ ಅಂಟಿಕೊಳ್ಳುತ್ತಿತ್ತು. ಗಾಲಿ ತಿರುಗುತ್ತಲೇ ಇತ್ತು.